ನಮ್ಮವರು ಯಾರು? ಬೆಂಗಳೂರು ಉತ್ತರ ಕ್ಷೇತ್ರ ಕಲಿಸಿದ ಪಾಠ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕಾರು ಮಂದಿ ನಿಂತು ಕುಶಲ ವಿಚಾರಿಸಿಕೊಳ್ಳುವುದು ನಮ್ಮ ಸಮುದಾಯದ ಹಳೆಯ ವಾಡಿಕೆ. ತಣಿಸಂದ್ರದಂತಹ ಕಡೆ ಆ ಗುಂಪಿನಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಚುನಾವಣೆ ಸಮೀಪಿಸಿದಾಗಲೆಲ್ಲ ಅಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಈ ಸಲವಾದರೂ ನಮ್ಮವರೊಬ್ಬರಿಗೆ ಟಿಕೆಟ್ ಸಿಕ್ಕಿದೆಯೇ?”

2024ರ ಏಪ್ರಿಲ್‌ನಲ್ಲಿಯೂ ಈ ಪ್ರಶ್ನೆ ಬಂದಿತ್ತು. ಆಗ ನಾನು ಸುತ್ತ ನಿಂತಿದ್ದವರನ್ನು ಮತ್ತೊಂದು ಪ್ರಶ್ನೆ ಕೇಳಿದೆ: “ನಿಮ್ಮ ಹೆಸರು ಯಾವ ಮತಗಟ್ಟೆಯಲ್ಲಿದೆ?” ಒಬ್ಬರ ಹೆಸರು ಇನ್ನೂ ಹುಟ್ಟೂರಿನ ಪಟ್ಟಿಯಲ್ಲಿತ್ತು. ಇನ್ನೊಬ್ಬರು ಮನೆ ಬದಲಿಸಿ ಐದು ವರ್ಷವಾಗಿದ್ದರೂ ಹೆಸರು ವರ್ಗಾಯಿಸಿಕೊಂಡಿರಲಿಲ್ಲ. ಮತದಾನ ಶುಕ್ರವಾರವಾದ್ದರಿಂದ ಮೂರು ದಿನದ ರಜೆ ದೊರೆಯಿತೆಂದು ಮತ್ತೊಂದು ಕುಟುಂಬ ಪ್ರವಾಸ ಹೊರಟಿತ್ತು. ನಮ್ಮವರಿಗೆ ಟಿಕೆಟ್ ಸಿಗಲಿಲ್ಲವೆಂದು ಕೊರಗುವ ನಾವು, ನಮಗೆ ಸಿಕ್ಕಿರುವ ಮತವನ್ನು ಏನು ಮಾಡುತ್ತಿದ್ದೇವೆ ಎಂಬ ವಿಚಾರ ಅಂದಿನಿಂದ ನನ್ನನ್ನು ಕಾಡುತ್ತಿದೆ.

ತಣಿಸಂದ್ರವು ಬ್ಯಾಟರಾಯನಪುರ ವಿಧಾನಸಭಾ ಕ್ಷೇತ್ರಕ್ಕೂ, ಆ ಮೂಲಕ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೂ ಸೇರಿದೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ತರುವಾಯ ಕೆ.ಆರ್. ಪುರ, ಯಶವಂತಪುರ, ದಾಸರಹಳ್ಳಿ, ಮಹಾಲಕ್ಷ್ಮಿ ಬಡಾವಣೆ, ಮಲ್ಲೇಶ್ವರ, ಹೆಬ್ಬಾಳ ಮತ್ತು ಪುಲಕೇಶಿನಗರ ಇದರ ಉಳಿದ ಭಾಗಗಳಾದವು. ಇಲ್ಲಿಂದ ಕೂಗಳತೆಯಲ್ಲಿರುವ ನಾಗವಾರ ಸರ್ವಜ್ಞನಗರದ ಮೂಲಕ ಬೆಂಗಳೂರು ಕೇಂದ್ರ ಕ್ಷೇತ್ರಕ್ಕೂ, ಯಲಹಂಕ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೂ ಸೇರುತ್ತವೆ. ಒಂದೇ ಪೂಜೆಗೆ ಬರುವ ಮೂರು ಕುಟುಂಬಗಳು ಮೂವರು ಸಂಸದರಿಗೆ ಮತ ನೀಡುವಂತಾಗಿದೆ. ಆದುದರಿಂದ ಧರ್ಮಕೇಂದ್ರದ ಗಡಿಯನ್ನೇ ಕ್ಷೇತ್ರದ ಗಡಿಯೆಂದು ಭಾವಿಸಿ “ನಮ್ಮ ಮತಗಳು” ಎಂದು ಲೆಕ್ಕ ಹಾಕುವುದು ಮೊದಲ ಹೆಜ್ಜೆಯಲ್ಲಿಯೇ ತಪ್ಪುತ್ತದೆ.

ಈ ಕ್ಷೇತ್ರದ ಚರಿತ್ರೆಯನ್ನು ಒಮ್ಮೆ ಅವಲೋಕಿಸೋಣ. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ ಬೆಂಗಳೂರು ಉತ್ತರದಿಂದ ಕಾಂಗ್ರೆಸ್ಸಿನ ಎನ್. ಕೇಶವ ಅಯ್ಯಂಗಾರ್ ಆಯ್ಕೆಯಾದರು. ಅನಂತರ ಕ್ಷೇತ್ರಗಳ ಹೆಸರು, ಗಡಿಗಳು ಬದಲಾಗಿ, 1977ರಲ್ಲಿ ‘ಬೆಂಗಳೂರು ಉತ್ತರ’ ಮತ್ತೆ ಕಾಣಿಸಿಕೊಂಡಿತು. ತುರ್ತು ಪರಿಸ್ಥಿತಿಯ ಬಳಿಕ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ತಿರಸ್ಕರಿಸಿದ ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ದಕ್ಕಿದವು. ಇಲ್ಲಿ ಸಿ.ಕೆ. ಜಾಫರ್ ಷರೀಫ್ ಗೆದ್ದರು. ಚಳ್ಳಕೆರೆಯಿಂದ ಬಂದ ಈ ನಾಯಕರು 1980, 1984, 1989, 1991, 1998 ಮತ್ತು 1999ರಲ್ಲಿಯೂ ಇಲ್ಲಿಂದಲೇ ಆರಿಸಿಬಂದರು. ನಡುವೆ 1996ರಲ್ಲಿ ಮಾತ್ರ ಜನತಾದಳದ ಸಿ. ನಾರಾಯಣಸ್ವಾಮಿ ಜಯಶಾಲಿಯಾದರು. ಮುಸ್ಲಿಮರು ಬಹುಸಂಖ್ಯಾತರಲ್ಲದ ಕ್ಷೇತ್ರವೊಂದು ಮುಸ್ಲಿಂ ನಾಯಕರೊಬ್ಬರನ್ನು ಏಳು ಬಾರಿ ಲೋಕಸಭೆಗೆ ಕಳುಹಿಸಿತು. 1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿ ಅವರು ಕೈಗೊಂಡ ಏಕರೂಪ ಗೇಜಿನ ಕಾರ್ಯವನ್ನು ಕನ್ನಡ ನಾಡಿನ ಪ್ರಯಾಣಿಕರು ಇಂದಿಗೂ ನೆನೆಯುತ್ತಾರೆ. ಆ ಮತಗಳು ಒಂದೇ ಧರ್ಮದವರ ಮತಗಳಾಗಿರಲು ಸಾಧ್ಯವೇ ಇರಲಿಲ್ಲ.

ಇನ್ನು ನಮ್ಮ ಅಂಗಳದ ಪ್ರಶ್ನೆಗೆ ಬರೋಣ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಇಬ್ಬರು ಹೆಸರಾಂತ ವ್ಯಕ್ತಿಗಳು ಈ ಕ್ಷೇತ್ರದಲ್ಲಿ ಪ್ರಮುಖ ಪಕ್ಷಗಳಿಂದ ಸ್ಪರ್ಧಿಸಿದ್ದಾರೆಂಬುದನ್ನು ಇಂದಿನ ಯುವಕರಲ್ಲಿ ಅನೇಕರು ಅರಿಯರು.

ಮೊದಲನೆಯವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಕಥೋಲಿಕ ಮನೆತನದಲ್ಲಿ ಜನಿಸಿದ ಅವರು 1946ರಲ್ಲಿ ಗುರುವಾಗಬೇಕೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠ ಸೇರಿದರು. ಎರಡೂವರೆ ವರ್ಷ ತತ್ತ್ವಶಾಸ್ತ್ರ ಓದಿ ಹೊರಬಂದರು. ಮುಂದೆ ಮುಂಬಯಿಯ ಕಾರ್ಮಿಕರ ಧುರೀಣರಾದರು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದರು. ಅವರು 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಜನತಾ ಪಕ್ಷದಿಂದ ಷರೀಫರ ವಿರುದ್ಧ ನಿಂತು ಸುಮಾರು 40 ಸಾವಿರ ಮತಗಳಿಂದ ಸೋತರು. ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅನುಕಂಪದ ಅಲೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನಗಳು ಕಾಂಗ್ರೆಸ್ಸಿನ ಪಾಲಾಗಿದ್ದವು. ಕೆಲವೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಇದೇ ರಾಜ್ಯದ ಮತದಾರರು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟರು. ದೆಹಲಿಗೆ ಒಂದು ತೀರ್ಪು, ಬೆಂಗಳೂರಿಗೆ ಇನ್ನೊಂದು ತೀರ್ಪು ಎಂದು ವಿಂಗಡಿಸಿ ನೋಡುವ ವಿವೇಕ ನಮ್ಮ ಜನರಲ್ಲಿ ಅಂದೇ ಇತ್ತು.

ಎರಡನೆಯವರು ಎಚ್.ಟಿ. ಸಾಂಗ್ಲಿಯಾನ. ಮಿಜೋರಾಂ ಮೂಲದ ಕ್ರೈಸ್ತರಾದ ಇವರು ಕರ್ನಾಟಕದಲ್ಲಿ ದಕ್ಷ ಪೊಲೀಸ್ ಅಧಿಕಾರಿಯೆಂದು ಮನೆಮಾತಾಗಿದ್ದವರು. ಶಂಕರ್ ನಾಗ್ ನಟಿಸಿದ ‘ಸಾಂಗ್ಲಿಯಾನ’ ಚಿತ್ರ 1988ರಲ್ಲಿ ತೆರೆಕಂಡಾಗ ಆ ಹೆಸರು ಹಳ್ಳಿಹಳ್ಳಿಗೂ ತಲುಪಿತು. 2004ರಲ್ಲಿ ಅವರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಇಲ್ಲಿ ಷರೀಫರನ್ನು ಸೋಲಿಸಿದರು. ಹಿಂದೂಗಳೂ ಇತರರೂ ಸಾವಿರಾರು ಸಂಖ್ಯೆಯಲ್ಲಿ ಮತ ನೀಡದಿದ್ದರೆ ಅವರು ಗೆಲ್ಲುತ್ತಿರಲಿಲ್ಲ.

ಸಾಂಗ್ಲಿಯಾನರ ಕಥೆ ಅಲ್ಲಿಗೆ ಮುಗಿಯಲಿಲ್ಲ. 2008ರ ಜುಲೈ 22ರಂದು ಅಮೆರಿಕದೊಡನೆಯ ಅಣು ಒಪ್ಪಂದದ ಹಿನ್ನೆಲೆಯಲ್ಲಿ ಮನಮೋಹನ ಸಿಂಗ್ ಸರ್ಕಾರ ವಿಶ್ವಾಸಮತ ಕೋರಿದಾಗ, ಅವರು ತಮ್ಮ ಪಕ್ಷದ ಆದೇಶವನ್ನು ಮೀರಿ ಸರ್ಕಾರದ ಪರ ಮತ ಹಾಕಿದರು. ಪಕ್ಷ ಅವರನ್ನು ಉಚ್ಚಾಟಿಸಿತು. 2009ರಲ್ಲಿ ಅವರು ಕಾಂಗ್ರೆಸ್ಸಿನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಸೋತರು. ಅಂದು ಅವರು ಮಾಡಿದ್ದು ಸರಿಯೇ? ಒಪ್ಪಂದ ದೇಶಕ್ಕೆ ಹಿತವೆಂದು ನಂಬಿದವನು ಹಾಗೆ ಮತ ಹಾಕಬೇಕಾದುದು ಆತ್ಮಸಾಕ್ಷಿಯ ಕರೆ ಎಂದು ಕೆಲವರು ಹೇಳುವರು. ಪಕ್ಷದ ಚಿಹ್ನೆ ನೋಡಿ ಮತ ಕೊಟ್ಟವರಿಗೆ ಅದು ವಚನಭಂಗವೆಂದು ಇನ್ನು ಕೆಲವರು ಹೇಳುವರು. ಎರಡು ಮಾತಿನಲ್ಲಿಯೂ ಹುರುಳಿದೆ. ನನ್ನ ಮಟ್ಟಿಗೆ, ತನ್ನ ಸ್ಥಾನ ಹೋದರೂ ಸರಿಯೆಂದು ಬಹಿರಂಗವಾಗಿ ನಿಂತವರನ್ನು ಗೌರವಿಸಬೇಕು. ಆದರೆ ಹಾಗೆ ನಿಂತವರು ಮತ್ತೆ ಜನರ ಬಳಿಗೇ ಬಂದು ಲೆಕ್ಕ ಒಪ್ಪಿಸಬೇಕು. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅವರ ನಡೆಯನ್ನು ತೂಗುವಾಗ ಅವರ ಧರ್ಮ ನಮಗೆ ಕಿಂಚಿತ್ತೂ ನೆರವಾಗುವುದಿಲ್ಲ. ಅವರ ವಿವೇಚನೆ, ಪ್ರಾಮಾಣಿಕತೆ, ಹೊಣೆಗಾರಿಕೆಗಳನ್ನೇ ಪರಿಶೀಲಿಸಬೇಕಾಗುತ್ತದೆ. ಬೇರೆ ಯಾವ ಅಭ್ಯರ್ಥಿಗಾದರೂ ಅದೇ ಅಳತೆಗೋಲು ಸಾಕಲ್ಲವೇ?

ಅನಂತರ 2009ರಲ್ಲಿ ಡಿ.ಬಿ. ಚಂದ್ರೇಗೌಡ, 2014 ಮತ್ತು 2019ರಲ್ಲಿ ಡಿ.ವಿ. ಸದಾನಂದ ಗೌಡ, 2024ರಲ್ಲಿ ಶೋಭಾ ಕರಂದ್ಲಾಜೆ ಭಾಜಪದಿಂದ ಗೆದ್ದರು. ಈ ಅವಧಿಯಲ್ಲಿಯೇ ಬ್ಯಾಟರಾಯನಪುರವು 2008, 2013, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡರನ್ನು ವಿಧಾನಸಭೆಗೆ ಕಳುಹಿಸಿತು. ಅವರೇ 2019ರಲ್ಲಿ ಲೋಕಸಭೆಗೆ ನಿಂತಾಗ ಸೋತರು. ಯಾವ ಪಕ್ಷಕ್ಕೂ ಯಾವ ಸಮುದಾಯಕ್ಕೂ ಈ ಕ್ಷೇತ್ರವನ್ನು ಬರೆದುಕೊಟ್ಟಿಲ್ಲವೆಂಬುದಕ್ಕೆ ಈ ಎಪ್ಪತ್ತು ವರ್ಷಗಳ ಚರಿತ್ರೆಯೇ ಸಾಕ್ಷಿ.

ವಾಸ್ತವವಾಗಿ ನಮ್ಮ ಹಿರಿಯರು ಈ ದಾರಿಯನ್ನು ಬಹು ಹಿಂದೆಯೇ ಆರಿಸಿಕೊಂಡಿದ್ದರು. ಸಂವಿಧಾನ ರಚನಾ ಸಭೆಯಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತರಾದ ಎಚ್.ಸಿ. ಮುಖರ್ಜಿ. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರಾಗಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು 1949ರ ಮೇ ತಿಂಗಳಲ್ಲಿ ಆ ಸಭೆ ತೀರ್ಮಾನಿಸಿತು. ಇತರರೊಡನೆ ಒಂದೇ ಪಟ್ಟಿಯಲ್ಲಿ, ಒಂದೇ ಸಾಲಿನಲ್ಲಿ ನಿಂತು ಮತ ನೀಡುವ ಈ ವ್ಯವಸ್ಥೆಯನ್ನು ಕ್ರೈಸ್ತ ಮುಖಂಡರು ಮನಃಪೂರ್ವಕವಾಗಿ ಒಪ್ಪಿಕೊಂಡರು. ಆಂಗ್ಲೋ ಇಂಡಿಯನ್ ಸಮುದಾಯಕ್ಕಿದ್ದ ನಾಮಕರಣದ ಅವಕಾಶವೂ 2020ರ ಜನವರಿಯಲ್ಲಿ ಕೊನೆಗೊಂಡಿತು. ಇದರಿಂದ ನೊಂದವರಿದ್ದಾರೆ, ಅವರ ನೋವು ಅಕಾರಣವಲ್ಲ. ಆದರೆ ಇನ್ನು ನಮಗೆ ಉಳಿದಿರುವ ಬಾಗಿಲು ಮತಗಟ್ಟೆಯ ಬಾಗಿಲೊಂದೇ.

ಆ ಬಾಗಿಲ ಬಳಿಗೆ ನಾವು ಹೋಗುತ್ತಿದ್ದೇವೆಯೇ? 2024ರ ಏಪ್ರಿಲ್ 26ರಂದು ಬೆಂಗಳೂರು ಉತ್ತರದಲ್ಲಿ 32 ಲಕ್ಷಕ್ಕೂ ಹೆಚ್ಚು ಮತದಾರರಿದ್ದರು; ರಾಜ್ಯದಲ್ಲಿಯೇ ಅತಿ ದೊಡ್ಡ ಕ್ಷೇತ್ರವಿದು. ಮತ ಚಲಾಯಿಸಿದವರು ಶೇಕಡ 54ರಷ್ಟು ಮಾತ್ರ. ಅದೇ ದಿನ ಪಕ್ಕದ ಬೆಂಗಳೂರು ಗ್ರಾಮಾಂತರದಲ್ಲಿ ಶೇಕಡ 68ರಷ್ಟು ಜನ ಮತ ನೀಡಿದರು. ಗೆದ್ದವರಿಗೆ ಬಂದ ಮತಗಳು ಹತ್ತು ಲಕ್ಷಕ್ಕೆ ಸಮೀಪ, ಗೆಲುವಿನ ಅಂತರ ಸುಮಾರು 2.6 ಲಕ್ಷ. ಮನೆಯಲ್ಲಿಯೇ ಉಳಿದವರಾದರೋ 14 ಲಕ್ಷಕ್ಕೂ ಮಿಗಿಲು! ಗೆದ್ದವರಿಗಿಂತಲೂ ಸೋತವರಿಗಿಂತಲೂ ದೊಡ್ಡ ಪಕ್ಷವೆಂದರೆ ಮತ ಹಾಕದವರ ಪಕ್ಷ. ಆ ಪಕ್ಷದಲ್ಲಿ ನಮ್ಮ ಧರ್ಮಕೇಂದ್ರದವರು ಎಷ್ಟು ಮಂದಿ ಎಂಬುದನ್ನು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಲಿ. ಪಟ್ಟಿಯಲ್ಲಿ ಸತ್ತವರ, ಸ್ಥಳಾಂತರವಾದವರ ಹೆಸರುಗಳೂ ಇರುತ್ತವೆ ಎಂಬ ವಾದ ನಿಜವೇ. ಆದರೆ ಹೆಸರು ವರ್ಗಾಯಿಸಿಕೊಳ್ಳದೆ ಆ ಗೊಂದಲವನ್ನು ಬೆಳೆಸುತ್ತಿರುವವರೂ ನಾವೇ.

“ಗುರುಗಳು ಯಾರಿಗೆ ಹಾಕಬೇಕೆಂದು ಹೇಳಿಬಿಟ್ಟರೆ ಒಳ್ಳೆಯದಲ್ಲವೇ?” ಎಂದು ಕೇಳುವವರೂ ಇದ್ದಾರೆ. ಇದು ಸಲ್ಲದು. ಗುರುಗಳು ಪಕ್ಷ ರಾಜಕೀಯದಲ್ಲಿ ಸಕ್ರಿಯವಾಗಿ ತೊಡಗಬಾರದೆಂದು ಧರ್ಮಸಭೆಯ ಕಾನೂನೇ ವಿಧಿಸುತ್ತದೆ. ದೇಶದ ಕಾನೂನಿನ ಪ್ರಕಾರವೂ ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಕೇಳಿದರೂ ತಪ್ಪೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಧರ್ಮಸಭೆ ನಮಗೆ ಅಭ್ಯರ್ಥಿಯ ಹೆಸರನ್ನು ಹೇಳುವುದಿಲ್ಲ, ಕರ್ತವ್ಯವನ್ನು ನೆನಪಿಸುತ್ತದೆ. ಸಾರ್ವಜನಿಕ ಹಿತಕ್ಕಾಗಿ ಸ್ವತಂತ್ರವಾಗಿ ಮತ ನೀಡುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಹೊಣೆಯೂ ಹೌದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ. ತೆರಿಗೆ ಕಟ್ಟುವುದರ ಜೊತೆಯಲ್ಲಿಯೇ ಮತದಾನವನ್ನೂ ನೈತಿಕ ಕರ್ತವ್ಯಗಳ ಸಾಲಿನಲ್ಲಿ ಕಥೋಲಿಕ ಧರ್ಮೋಪದೇಶ ಗ್ರಂಥ ಸೇರಿಸಿದೆ.

ಹಾಗಾದರೆ ಮಾಡಬೇಕಾದುದೇನು? ಕೆಲಸ ಸರಳವಾದುದು. ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ನಮೂನೆ 6ರಲ್ಲಿ ಸೇರಿಸಬೇಕು. ಮನೆ ಬದಲಿಸಿದವರು ನಮೂನೆ 8ನ್ನು ತುಂಬಬೇಕು. ಈಗ ವರ್ಷಕ್ಕೊಮ್ಮೆ ಕಾಯಬೇಕಾಗಿಯೂ ಇಲ್ಲ; ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನವನ್ನು ಅರ್ಹತೆಯ ದಿನಾಂಕಗಳಾಗಿ ಗೊತ್ತುಪಡಿಸಲಾಗಿದೆ. ನಮ್ಮ ಯುವಕರ ಸಂಘಗಳು ಭಾನುವಾರದ ಪೂಜೆಯ ನಂತರ ಒಂದು ಗಂಟೆ ಮೇಜು ಹಾಕಿ ಕುಳಿತು, ವೃದ್ಧರಿಗೂ ಹೊಸದಾಗಿ ಬಂದವರಿಗೂ ಈ ನಮೂನೆಗಳನ್ನು ತುಂಬಿಕೊಡಬಹುದು. ಪಕ್ಷದ ಮಾತು ಅಲ್ಲಿ ಬರಬೇಕಾಗಿಲ್ಲ. ನೆರೆಮನೆಯ ಹಿಂದೂ, ಮುಸ್ಲಿಂ ಬಾಂಧವರು ಬಂದರೆ ಅವರಿಗೂ ತುಂಬಿಕೊಡಲಿ.

ಯಜಮಾನನು ನಂಬಿ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆಲ್ಲ ತಿಳಿದದ್ದೇ. ಅವನು ಆ ಹಣವನ್ನು ಕದಿಯಲಿಲ್ಲ, ದುಂದು ಮಾಡಲಿಲ್ಲ, ಬಳಸಲಿಲ್ಲ, ಅಷ್ಟೇ. ಆದರೂ ಯಜಮಾನ ಅವನನ್ನು ಮನ್ನಿಸಲಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ದೇವಾಲಯದ ಅಂಗಳದಲ್ಲಿ “ನಮ್ಮವರು ಯಾರು?” ಎಂಬ ಪ್ರಶ್ನೆ ಮತ್ತೆ ಏಳದೆ ಇರದು. ಅದನ್ನು ಕೇಳುವವರ ಬೆರಳಿನ ಮೇಲೆ ಮತದಾನದ ಶಾಯಿಯ ಗುರುತೂ ಬೀಳುವಂತಾಗಲಿ.