ಆಟಕ್ಕುಂಟು, ಲೆಕ್ಕಕ್ಕಿಲ್ಲ

ವೈಶಾಖದ ಒಂದು ಮಧ್ಯಾಹ್ನ. ರೋಣದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ರಜೆಗೆಂದು ಬಂದ ಅಕ್ಕತಂಗಿಯರ ಮಕ್ಕಳು ಏಳೆಂಟು ಮಂದಿ ಸೇರಿದ್ದಾರೆ. ಹೊರಗೆ ಕಾಲಿಡುವಂತಿಲ್ಲ, ಎರೆಹೊಲಗಳ ಮೇಲಿಂದ ಬೀಸುವ ಬಿಸಿಗಾಳಿ ಬಾಗಿಲಿಗೇ ಬಂದು ನಿಂತಿದೆ. ದೊಡ್ಡ ಹುಡುಗರು ಕುರ್ಚಿ ಆಟ ಹೂಡಿದರು. ಮೊದಲ ಸುತ್ತಿನಲ್ಲಿಯೇ ಕುರ್ಚಿ ತಪ್ಪಿದವಳು ಎಲ್ಲರಿಗಿಂತ ಕಿರಿಯಳಾದ ಮೂರೂವರೆ ವರ್ಷದ ಹುಡುಗಿ. ‘ನೀ ಔಟ್’ ಎಂದರು. ಔಟ್ ಎಂದರೇನೆಂದು ಅವಳಿಗೆ ತಿಳಿಯದು. ಎಲ್ಲರೂ ಆಡುತ್ತಿರುವಾಗ ತಾನೊಬ್ಬಳೇ ಗೋಡೆಗೆ ಆತು ನಿಲ್ಲಬೇಕೆಂಬುದಷ್ಟೇ ತಿಳಿಯಿತು. ಅಳು ಜೋರಾಯಿತು. ಅಡಿಗೆಮನೆಯಿಂದ ಧಾವಿಸಿ ಬಂದ ತಾಯಿ ಅವಳ ಕೈಗೆ ಮೊಬೈಲು ಕೊಟ್ಟಳು. ಅಳು ನಿಂತಿತು, ಅವಳ ಪಾಲಿನ ಆಟವೂ ಅಲ್ಲಿಗೇ ಮುಗಿಯಿತು.

ಇಂಥ ಮಧ್ಯಾಹ್ನಗಳು ರೋಣಕ್ಕಷ್ಟೇ ಮೀಸಲಲ್ಲ. ನರಗುಂದದ ಗುಡ್ಡದ ಕೆಳಗಿನ ಮನೆಗಳಲ್ಲಿಯೂ ಗಜೇಂದ್ರಗಡದ ನೇಕಾರರ ಓಣಿಗಳಲ್ಲಿಯೂ ಬೇಸಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಕಾಲಿಗಂಟುವ ಎರೆಮಣ್ಣಿನ ಕೆಸರು ಎಳೆಯ ಮಕ್ಕಳನ್ನು ಒಳಗೇ ಕೂಡಿಹಾಕುವುವು. ಆಗ ಮೊಬೈಲಿನಷ್ಟು ಅಗ್ಗದ ಆಯಾ ಬೇರೊಬ್ಬಳಿಲ್ಲ. ಆದರೆ ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಮೂರು ಗಂಟೆಯಷ್ಟಾದರೂ ಮೈಯಾಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಮೈಯಾಡಿಸುವುದಕ್ಕೆ ಬಯಲೇ ಬೇಕೆಂದಿಲ್ಲ. ಒಂದು ಪಡಸಾಲೆ, ನಾಲ್ಕು ಜೊತೆಗಾರರು, ಹಿರಿಯರೊಬ್ಬರ ಅರ್ಧ ಗಂಟೆ ಸಾಕು.

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಈಗ ಹೆಸರಿಗೆ ಮಾತ್ರ ಇರುವವರನ್ನು ಹಂಗಿಸುವುದಕ್ಕೆ ಬಳಸುತ್ತೇವೆ. ಮಕ್ಕಳ ಆಟದಲ್ಲಿ ಅದು ಹಂಗಿನ ಮಾತಲ್ಲ, ದಯೆಯ ನಿಯಮ. ಬೆನ್ನು ಹತ್ತಿ ಬಂದ ಚಿಕ್ಕ ತಮ್ಮನನ್ನೋ ತಂಗಿಯನ್ನೋ ಆಟಕ್ಕೆ ಸೇರಿಸಿಕೊಳ್ಳಬೇಕು, ಆದರೆ ಅವರ ಸೋಲನ್ನು ಎಣಿಸಬಾರದು. ಐದು ವರ್ಷ ತುಂಬದ ಮಕ್ಕಳ ಗುಂಪಿನಲ್ಲಿ ಈ ನಿಯಮವನ್ನು ಒಬ್ಬಿಬ್ಬರಿಗಲ್ಲ, ಎಲ್ಲರಿಗೂ ಅನ್ವಯಿಸುವುದು ಲೇಸು. ಯಾರನ್ನೂ ಹೊರಗೆ ಹಾಕದ ಆಟವೇ ಈ ವಯಸ್ಸಿಗೆ ತಕ್ಕ ಆಟ. ಹೊರಗೆ ಹಾಕುವ ಆಟದಲ್ಲಿ, ಆಟದ ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಆ ಮಗುವೇ ಎಲ್ಲರಿಗಿಂತ ಮೊದಲು ಸುಮ್ಮನೆ ಕೂರಬೇಕಾಗುವುದು.

ಇದಕ್ಕಾಗಿ ಕುರ್ಚಿ ಆಟವನ್ನೇ ಬಿಡಬೇಕಾಗಿಲ್ಲ; ತುಸು ತಿದ್ದಿದರಾಯಿತು. ಕುರ್ಚಿಗಳನ್ನು ಬದಿಗಿಟ್ಟು ಚಾಪೆಯ ತುಂಡುಗಳನ್ನೋ ಹಳೆಯ ವೃತ್ತಪತ್ರಿಕೆಗಳನ್ನೋ ಹಾಸಬೇಕು. ಹಿರಿಯರು ತಟ್ಟೆ ಬಡಿಯುತ್ತಿರುವಷ್ಟು ಹೊತ್ತು ಮಕ್ಕಳು ಸುತ್ತು ಹಾಕುವರು. ಬಡಿತ ನಿಂತೊಡನೆ ಹಾಸಿನ ಮೇಲೆ ನಿಲ್ಲುವರು. ಪ್ರತಿ ಸುತ್ತಿಗೂ ಒಂದು ಹಾಸನ್ನು ತೆಗೆಯಬೇಕು, ಮಗುವನ್ನಲ್ಲ. ಕೊನೆಗೆ ಉಳಿಯುವ ಒಂದೇ ಚಾಪೆಯ ಮೇಲೆ ಏಳೆಂಟು ಮಂದಿ ಒಬ್ಬರನ್ನೊಬ್ಬರು ತಬ್ಬಿ ನಿಂತಾಗ ಏಳುವ ನಗೆಯು, ಗೆದ್ದವನೊಬ್ಬನ ಕೇಕೆಗಿಂತ ದೊಡ್ಡದು.

ಹತ್ತಿ ಬೆಳೆಯುವ ಸೀಮೆಯಲ್ಲಿ ಆಟದ ಸಾಮಾನಿಗೆ ಅಂಗಡಿಗೆ ಹೋಗಬೇಕಾದ ಪ್ರಮೇಯವಿಲ್ಲ. ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಸುತ್ತಲೂ ಮಕ್ಕಳನ್ನು ಕೂರಿಸಿ, ಅಂಚು ಹಿಡಿಸಬೇಕು. ನಡುವೆ ಒಂದು ಹಿಡಿ ಅರಳೆ. ಎಲ್ಲರೂ ಕೂಡಿ ಮೇಲೆತ್ತಿದಾಗ ಅರಳೆ ಹಾರುವುದು. ನೆಲಕ್ಕೆ ಬೀಳದಂತೆ ಅದನ್ನು ಸೀರೆಯಲ್ಲಿಯೇ ಹಿಡಿಯಬೇಕು. ಒಬ್ಬರು ಕೈಬಿಟ್ಟರೂ ಆ ಕಡೆಯ ಸೀರೆ ಜೋತುಬೀಳುವುದು. ಎಲ್ಲರಿಗಿಂತ ಚಿಕ್ಕದಾದ ಮಗುವಿನ ಕೈಯೂ ಬೇಕೇಬೇಕು ಎಂಬುದನ್ನು ಇಲ್ಲಿ ಬಾಯಿಂದ ಹೇಳಬೇಕಾಗುವುದಿಲ್ಲ.

ಅದೇ ಅರಳೆಯಿಂದ ಇನ್ನೊಂದು ಆಟ. ನೆಲದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದು, ಮಕ್ಕಳನ್ನು ಎದುರುಬದುರಾಗಿ ಬೋರಲು ಮಲಗಿಸಿ, ಅರಳೆಯ ಉಂಡೆಯನ್ನು ಬಾಯಿಂದ ಊದಿ ಅತ್ತಿತ್ತ ಕಳಿಸಲು ಹೇಳಬೇಕು. ಕೈ ಮುಟ್ಟಿಸುವಂತಿಲ್ಲ. ತುಟಿ ಮತ್ತು ಉಸಿರುಗಳಿಗೆ ಇದೊಂದು ಒಳ್ಳೆಯ ಸಾಧನೆ.

ಮೈ ದಣಿದ ಮೇಲೆ ಕಿವಿಯ ಆಟ. ಮಕ್ಕಳು ಕಣ್ಣು ಮುಚ್ಚಿ ಕೂರಬೇಕು. ಹಿರಿಯರು ಹಿಂದಿನಿಂದ ಬಳೆ ಅಲ್ಲಾಡಿಸಬಹುದು, ತಂಬಿಗೆಗೆ ನೀರು ಸುರಿಯಬಹುದು, ಮೊರದಲ್ಲಿ ಜೋಳ ಕೇರಬಹುದು, ರೊಟ್ಟಿ ಬಡಿಯುವಂತೆ ಅಂಗೈ ಬಡಿಯಬಹುದು. ಸಪ್ಪಳ ಯಾವುದೆಂದು ಮಕ್ಕಳೆಲ್ಲ ಕೂಡಿಯೇ ಹೇಳಲಿ. ಗಜೇಂದ್ರಗಡದ ಕೂಸಿಗೆ ಮಗ್ಗದ ಸಪ್ಪಳವನ್ನು ಗುರುತಿಸಲು ಯಾರೂ ಕಲಿಸಬೇಕಾಗಿಲ್ಲ. ನಾಲ್ಕು ದಾಟಿದವರಿಗೆ ಹರಿವಾಣದಲ್ಲಿ ಐದು ಸಾಮಾನು ತೋರಿಸಿ, ಬಟ್ಟೆ ಮುಚ್ಚಿ, ಒಂದನ್ನು ಅಡಗಿಸಿ, ‘ಯಾವುದು ಹೋಯಿತು?’ ಎಂದು ಕೇಳುವ ಆಟವು ನೆನಪಿಗೆ ಸಾಣೆ ಹಿಡಿಯುವುದು.

ಜೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುವುದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಕೂರಿಸುವರು. ಮಕ್ಕಳ ಕೈಗೆ ಮಣ್ಣು ಕೊಡಬೇಕೆಂಬುದನ್ನು ಈ ಸೀಮೆಯ ಹಿರಿಯರು ಪಂಚಾಂಗದಲ್ಲಿಯೇ ಸೇರಿಸಿಟ್ಟರು. ಶುದ್ಧವಾದ ಮಣ್ಣನ್ನು ನಾದಿ ಕೊಟ್ಟು, ಒಬ್ಬರು ಎತ್ತು, ಒಬ್ಬರು ಗೋದಲಿ, ಒಬ್ಬರು ಮೇವು ಹೀಗೆ ಹಂಚಿದರೆ ಅದೂ ಕೂಡಿ ಆಡುವ ಆಟವೇ. ಎರಡು ವರ್ಷದ ಮಗು ಬರಿಯ ಉಂಡೆ ಮಾಡಿದರೆ ಅದನ್ನು ಎತ್ತಿಗೆ ಹಿಂಡಿಯೆಂದು ಇಟ್ಟರಾಯಿತು.

ಕೆಲವು ಎಚ್ಚರಿಕೆಗಳು ಅವಶ್ಯಕ. ಹುಣಸೆಬೀಜ, ಗಜಗ, ಕವಡೆ, ಶೇಂಗಾ ಇವು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಎಟುಕಬಾರದು. ಬಾಯಿಗೆ ಹೋದರೆ ಉಸಿರುಗಟ್ಟುವ ಭಯವುಂಟು. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡುವುದು ಸೊಗಸಾದ ಕೆಲಸವಾದರೂ ದಂಟಿನ ಸಿಪ್ಪೆ ಕೈ ಕೊಯ್ಯುವುದರಿಂದ ಅದನ್ನು ಹಿರಿಯರೇ ಸುಲಿದುಕೊಡಬೇಕು. ಒಂದು ಆಟಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಬೇಸರ ಬರುವ ಮೊದಲೇ ನಿಲ್ಲಿಸುವುದು ಜಾಣತನ.

ಗುಂಪಿಗೆ ಸೇರದೆ ದೂರ ಕುಳಿತು ನೋಡುವ ಮಗುವನ್ನು ಎಳೆದು ತರುವುದೂ ಸಲ್ಲದು. ಮಿಲ್ಡ್ರೆಡ್ ಪಾರ್ಟನ್ ಎಂಬ ಅಮೆರಿಕದ ವಿದುಷಿ ಶಿಶುಶಾಲೆಯ ಮಕ್ಕಳನ್ನು ಗಮನಿಸಿ 1932ರಲ್ಲಿ ಬರೆದ ಪ್ರಬಂಧದಂತೆ, ಒಂಟಿಯಾಗಿ ಆಡುವುದು, ನಿಂತು ನೋಡುವುದು, ಪಕ್ಕದಲ್ಲಿದ್ದು ಬೇರೆಬೇರೆ ಆಡುವುದು ಇವೆಲ್ಲವೂ ಆಟದ ಬಗೆಗಳೇ. ಒಂದು ಗುರಿಯಿಟ್ಟು ಕೂಡಿ ಆಡುವುದು ವಯಸ್ಸು ಏರಿದಂತೆ ಹೆಚ್ಚುವುದು. ನೋಡುವ ಮಗುವೂ ಆಟದೊಳಗೇ ಇದೆ.

‘ಅಂಗನವಾಡಿಯಲ್ಲಿ ಬರೀ ಆಡಿಸ್ತಾರ, ಅಕ್ಷರ ಕಲಿಸೂದಿಲ್ಲ’ ಎಂಬ ದೂರು ಹಲವು ಮನೆಗಳಲ್ಲಿ ಕೇಳಿಬರುವುದುಂಟು. ಆಟವನ್ನೇ ಶಿಕ್ಷಣವೆಂದು ಬಗೆದು ಫ್ರೋಬೆಲ್ ಜರ್ಮನಿಯಲ್ಲಿ 1837ರಲ್ಲಿ ಶಿಶುಗಳಿಗಾಗಿ ಶಾಲೆ ತೆರೆದನು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. 1975ರ ಅಕ್ಟೋಬರ್ 2ರಂದು ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ತಿ. ನರಸೀಪುರದಿಂದ ಹೊರಟು, ಇಂದು ಈ ಮೂರು ಊರುಗಳ ಓಣಿಗಳಿಗೂ ಅಂಗನವಾಡಿಯನ್ನು ತಂದಿದೆ. ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಆಡುವುದು ಪಾಠ ತಪ್ಪಿಸುವುದಕ್ಕಲ್ಲ. ಸರದಿ ಕಾಯುವುದು, ಮಾತು ಕೇಳುವುದು, ಎಣಿಸುವುದು, ನೆನಪಿಡುವುದು ಇವೇ ಪಾಠಗಳು. ಬಳಪ ಹಿಡಿಯುವ ಬೆರಳಿಗೆ ಬಲ ಬರುವುದು ಮಣ್ಣು ನಾದಿದ ಮೇಲೆ.

ಮತ್ತೆ ರೋಣದ ಆ ಪಡಸಾಲೆಗೆ ಬರೋಣ. ಅಜ್ಜಿ ಒಳಗಿನಿಂದ ಹಳೆಯ ಸೀರೆಯೊಂದನ್ನು ತಂದು ಹಾಸಿದಳು. ದೊಡ್ಡ ಹುಡುಗರು ಕುರ್ಚಿ ಬಿಟ್ಟು ಸುತ್ತುವರಿದರು. ಒಂದು ಬದಿ ಖಾಲಿ ಉಳಿಯಿತು. ‘ಬಾರವ್ವ, ಈ ಚುಂಗು ಹಿಡಿಯಾಕ ಯಾರೂ ಇಲ್ಲ’ ಎಂದಳು ಅಜ್ಜಿ. ಹುಡುಗಿ ಒಮ್ಮೆ ಮೊಬೈಲನ್ನೂ ಒಮ್ಮೆ ಸೀರೆಯನ್ನೂ ನೋಡಿದಳು. ಬಳಿಕ ಮೊಬೈಲನ್ನು ನೆಲದ ಮೇಲೆ ಬೋರಲು ಹಾಕಿ, ಎದ್ದು ಬಂದು, ಎರಡೂ ಮುಷ್ಟಿಯಲ್ಲಿ ಸೀರೆಯ ಚುಂಗನ್ನು ಬಿಗಿಯಾಗಿ ಹಿಡಿದಳು.