ಹಸ್ತಪ್ರತಿಯ ಮುಖ ತೋರಿಸಿ

ಚೆನ್ನೈನ ಅಂಬತ್ತೂರು ಕೈಗಾರಿಕಾ ಎಸ್ಟೇಟಿನಲ್ಲಿ ಔಷಧಿ ಡಬ್ಬಿಗೂ ನಾಲ್ಕು ಬಣ್ಣದ ಅಚ್ಚಿನ ಭಾಗ್ಯವಿದೆ. ಅದೇ ಊರಿನ ಮ್ಯೂಸಿಕ್ ಅಕಾಡೆಮಿ 1934ರಲ್ಲಿ ಪ್ರಕಟಿಸಿದ ವೆಂಕಟಮಖಿಯ ‘ಚತುರ್ದಂಡೀಪ್ರಕಾಶಿಕಾ’ ಓದುಗರಿಗೆ ಪರಿಚಯವಾದದ್ದು ಕಪ್ಪು ಮೊಳೆಯ ಸಾಲುಗಳಾಗಿ. ವೆಂಕಟಮಖಿ ತಂಜಾವೂರು ನಾಯಕರ ಮಂತ್ರಿ ಗೋವಿಂದ ದೀಕ್ಷಿತರ ಮಗ, ಕನ್ನಡ ಮನೆತನದವನು. ವೇದಿಕೆಯ ಮೇಲೆ ಈ ಮಾತು ಹೇಳಿ ಚಪ್ಪಾಳೆ ಗಿಟ್ಟಿಸುವವರಿಗೆ ಕಡಿಮೆಯಿಲ್ಲ. ಅವನ ಗ್ರಂಥದ ಹಸ್ತಪ್ರತಿ ಹೇಗಿದೆ ಎಂದು ಕೇಳಿದರೆ ಸಭೆ ಮೌನ.

ಕೇಳಲೇಬೇಕಾದ ಪ್ರಶ್ನೆ ಅದು. ಆತ 72 ಮೇಳಗಳ ಲೆಕ್ಕ ಹಾಕಿದರೂ ಬಳಕೆಯಲ್ಲಿರುವವು ಎಂದು ವಿವರಿಸಿದ್ದು 19ನ್ನು ಮಾತ್ರ. ಪುಸ್ತಕದ ಕೊನೆಯಲ್ಲಿರುವ ರಾಗಗಳ ಅನುಬಂಧ ಅವನದೇ, ಅವನ ನಂತರದವರದೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಪ್ರಬಂಧ ಪ್ರಕರಣ ಅರ್ಧಕ್ಕೇ ನಿಂತಿದೆ, ಹತ್ತನೆಯ ತಾಳ ಪ್ರಕರಣ ಇಲ್ಲವೇ ಇಲ್ಲ. ಗರಿ ಮುರಿಯಿತೇ, ಹುಳ ತಿಂದಿತೇ, ಲಿಪಿಕಾರನೇ ಕೈ ಬಿಟ್ಟನೇ? ಅನುಬಂಧ ಬರೆದ ಕೈ ಬೇರೆಯೇ? ಅಚ್ಚಿನಲ್ಲಿ ಎಲ್ಲರ ಕೈಯೂ ಒಂದೇ.

ಫ್ರಾನ್ಸಿನ ಶಾಂತಿಯಿ ಹಸ್ತಪ್ರತಿಯನ್ನು ನೋಡಿ. 14ನೆಯ ಶತಮಾನದ ಕೊನೆಯ ಹಾಡುಗಳ ಆ ಸಂಗ್ರಹದಲ್ಲಿ ಕೆಂಪು ಶಾಯಿಯ ಸ್ವರಗಳಿವೆ. ಆ ಕೆಂಪು ಅಲಂಕಾರವಲ್ಲ, ಸ್ವರದ ಕಾಲಪ್ರಮಾಣವನ್ನೇ ಬದಲಿಸುತ್ತದೆ. ಹೃದಯದ ಆಕಾರದಲ್ಲಿ ಬರೆದ ಹಾಡಿನ ಹಾಳೆಯಂತೂ ಆಮೇಲೆ ಸೇರಿಸಿದ್ದು. 2008ರ ಬಣ್ಣದ ಫ್ಯಾಕ್ಸಿಮಿಲಿ, ಅಂದರೆ ಪುಟಪುಟದ ಯಥಾಪ್ರತಿ, ಇವನ್ನು ಓದುಗರ ಕಣ್ಣಿಗೇ ಬಿಟ್ಟಿತು. ಅಂಥವುಗಳ ಬೆಲೆ ಮಾತ್ರ ರಾಜಮಹಾರಾಜರಿಗೆ ಸರಿ.

ಇಲ್ಲಿ ಬೇಕಿರುವುದು ಆ ವೈಭೋಗವಲ್ಲ. ಒಂದು ಪುಟದಲ್ಲಿ ನಾಲ್ಕೈದು ಗರಿಗಳ ಬಣ್ಣದ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ, ಎದುರಿಗೆ ತಿದ್ದದ ಲಿಪ್ಯಂತರ, ರಟ್ಟಿನ ಹೊದಿಕೆ. ಸಂಪಾದಕರ ವಿದ್ವತ್ತು ಕೊನೆಗೆ ಬರಲಿ. “ಸ್ಕ್ಯಾನ್ ಮಾಡಿಟ್ಟಿದ್ದೇವಲ್ಲ” ಎನ್ನುವ ಭಂಡಾರದವರ ಉತ್ತರ ಉತ್ತರವೇ ಅಲ್ಲ. ಬೀರುವಿನ ಬೀಗದೊಳಗೆ ಓಲೆಯಿದ್ದರೇನು, ಡಿಸ್ಕ್ ಇದ್ದರೇನು?

ದಾಸರ ಪದಗಳಿಗೂ ಇದೇ ಗತಿ. ಪುರಂದರದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ಕಳೆದುಹೋಗಿವೆ. ಉಳಿದಿರುವ ಸುಳಿವೆಂದರೆ ಓಲೆಯಲ್ಲಿ ಪದದ ತಲೆಯ ಮೇಲೆ ಬರೆದ ರಾಗ, ತಾಳದ ಹೆಸರು. ಒಂದೇ ಪದಕ್ಕೆ ಒಂದು ಸಂಕಲನ ಒಂದು ರಾಗ ಕೊಟ್ಟರೆ ಇನ್ನೊಂದು ಬೇರೆಯದನ್ನು ಕೊಡುತ್ತದೆ. ಯಾವ ಕಟ್ಟಿನ ಯಾವ ಗರಿಯಿಂದ ಎಂದು ಹೇಳುವ ಸೌಜನ್ಯ ಅಪರೂಪ. ಮುಂದಿನ ದಾಸಸಾಹಿತ್ಯ ಸಂಪುಟಕ್ಕೆ ಹಣ ಮಂಜೂರು ಮಾಡುವವರು ಮೊದಲು ಆ ಗರಿಯ ಚಿತ್ರ ಕೇಳಲಿ.