ಹದಿನೈದಕ್ಕೂ ಐವತ್ತಕ್ಕೂ ನಡುವೆ ಸಿಕ್ಕಿಬಿದ್ದ ಕಾರು

ನಮ್ಮ ದೇಶದಲ್ಲಿ ಕಾರಿಗೆ 15 ವರ್ಷ ತುಂಬಿದರೆ ಅದು ‘ಹಳೇ ಗಾಡಿ’. 50 ದಾಟಿದರೆ ‘ವಿಂಟೇಜ್’. ಮೊದಲನೆಯದನ್ನು ಕಂಡರೆ ‘ಇನ್ನೂ ಇದನ್ನು ಇಟ್ಟುಕೊಂಡಿದ್ದೀರಾ?’ ಎಂದು ನೆಂಟರು ಮೂಗು ಮುರಿಯುತ್ತಾರೆ. ಎರಡನೆಯದಕ್ಕೆ ಹಾರ ಹಾಕಿ, ಮೆರವಣಿಗೆ ಮಾಡಿ, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕಾರು ಅದೇ. ಆದರೆ ಈ ಎರಡು ಹುಟ್ಟುಹಬ್ಬಗಳ ನಡುವಿನ 35 ವರ್ಷ ಅದನ್ನು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನಾಳೆ ಯಾವ ಕಾರು ಸಂಗ್ರಹಯೋಗ್ಯ ಆಗುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎಂಬುದು ತೀರ್ಮಾನವಾಗುವುದು ಮಾತ್ರ ಇದೇ ಅವಧಿಯಲ್ಲಿ.

ಈ ಮಾತು ಹೆಚ್ಚು ಅನ್ವಯಿಸುವುದು ಸ್ಪೋರ್ಟ್ಸ್ ಕೂಪೆಗಳಿಗೆ. ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಮೇಲ್ಛಾವಣಿ, ಕಾಲೇಜ್ ಬ್ಯಾಗ್ ಇಡಲು ಮಾತ್ರ ಸಾಲುವ ಹಿಂದಿನ ಸೀಟು. ಮನೆಮಂದಿಯ ಕಾರಿಗೆ ಉಪಯೋಗವೇ ರಕ್ಷೆ. ಅಜ್ಜಿಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವವರೆಗೆ ಅದನ್ನು ಯಾರೂ ಬಿಟ್ಟುಕೊಡುವುದಿಲ್ಲ. ಕೂಪೆಗೆ ಆ ರಕ್ಷೆ ಇಲ್ಲ. ಮೊದಲ ಮಾಲೀಕನಿಗೆ ಬೇಸರವಾದ ಕೂಡಲೇ ಮಾರುತ್ತಾನೆ. ಬೆಲೆ ಕುಸಿದಾಗ ಅದು ಎರಡನೇ, ಮೂರನೇ ಮಾಲೀಕನ ಕೈಗೆ ಬರುತ್ತದೆ. ಆ ಮೂರನೇ ಮಾಲೀಕ ಸಾಮಾನ್ಯವಾಗಿ ನಮ್ಮ ವಯಸ್ಸಿನವನು. ಜೇಬು ಚಿಕ್ಕದು, ಆಸೆ ದೊಡ್ಡದು.

ಜಪಾನಿನ ಉದಾಹರಣೆ ನೋಡಿ. 1983ರಿಂದ 1987ರವರೆಗೆ ಟೊಯೊಟಾ ತಯಾರಿಸಿದ ‘ಎಇ86’ ಕೊರೊಲಾ ಸಾಧಾರಣ ಬೆಲೆಯ ಪುಟ್ಟ ಕೂಪೆ. ಅಲ್ಲಿನ ಹುಡುಗರು ಘಾಟಿ ರಸ್ತೆಗಳಲ್ಲಿ ಅದನ್ನು ಜಾರಿಸಿ, ಗುದ್ದಿ, ಕತ್ತರಿಸಿ ಓಡಿಸಿದರು. ಸಾವಿರಾರು ಕಾರುಗಳು ಹಾಗೆಯೇ ಮುಗಿದುಹೋದವು. ಉಳಿದ ಕೆಲವಕ್ಕೆ ಈಗ ಎಲ್ಲಿಲ್ಲದ ಬೆಲೆ. 2021ರಲ್ಲಿ ಟೊಯೊಟಾ ಕಂಪನಿಯೇ ಅದರ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸುವುದಾಗಿ ಪ್ರಕಟಿಸಿತು. ಅದಕ್ಕೂ ಮೊದಲು, 2017ರಲ್ಲಿ, ನಿಸಾನ್ ತನ್ನ ಸ್ಕೈಲೈನ್ ಜಿಟಿ-ಆರ್ ಆರ್32 ಕಾರಿಗೆ ಇದೇ ಕೆಲಸ ಆರಂಭಿಸಿತ್ತು. ಬೇಡವಾದಾಗ ಹಾಳು ಮಾಡುವುದು, ಕಡಿಮೆಯಾದಾಗ ಹುಡುಕಾಡುವುದು ಎಲ್ಲ ಊರಿನ ಕಥೆಯೂ ಹೌದು.

ನಮ್ಮ ಬೆಂಗಳೂರಿನ ಕಥೆ ಇನ್ನೂ ಹತ್ತಿರದ್ದು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಫೈಬರ್‌ಗ್ಲಾಸ್ ಮೈ, 1,149 ಸಿಸಿಯ ರೆನೊ ಎಂಜಿನ್, ಸುಮಾರು 60 ಅಶ್ವಶಕ್ತಿ. ವೇಗದಲ್ಲಿ ಅದು ಹುಲಿಯೇನಲ್ಲ. ಆದರೆ ಸ್ವದೇಶದಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿ ಮಾರಬಹುದು ಎಂದು ತೋರಿಸಿಕೊಟ್ಟ ಕಾರು. ಅದಕ್ಕೂ ಹಿಂದೆ, 1982ರಲ್ಲಿ, ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ‘ಡಾಲ್ಫಿನ್’ ತಯಾರಿಸಿತ್ತು. ಅದು ಕೂಪೆ ಅಲ್ಲ, ನಿಜ. ಆದರೆ ಎರಡು ಬಾಗಿಲಿನ, ಹಗುರ ಫೈಬರ್‌ಗ್ಲಾಸ್ ಮೈಯ, 848 ಸಿಸಿ ಎಂಜಿನ್ನಿನ ಆ ಕಾರನ್ನು ರ‍್ಯಾಲಿ ಪ್ರಿಯರು ಮೆಚ್ಚಿಕೊಂಡಿದ್ದರು. 1983ರ ಕೊನೆಗೆ ಮಾರುತಿ 800 ಬಂತು. ಡಾಲ್ಫಿನ್ ಅದರ ಮುಂದೆ ನಿಲ್ಲಲಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮದೇ ನಗರದ ಹೆಸರಿನೊಂದಿಗೆ ಬೆಸೆದುಕೊಂಡ ಈ ಎರಡು ಕಾರುಗಳನ್ನು ನಿಮ್ಮಲ್ಲಿ ಎಷ್ಟು ಮಂದಿ ರಸ್ತೆಯಲ್ಲಿ ನೋಡಿದ್ದೀರಿ? ಅವು ಕೆಟ್ಟ ಕಾರುಗಳೆಂದು ಯಾರೋ ತೀರ್ಪು ಕೊಟ್ಟಿದ್ದರಿಂದ ಮರೆಯಾಗಲಿಲ್ಲ. ಬಾಗಿಲಿನ ಗಾಜು, ದೀಪ, ಬಂಪರ್ ಒಡೆದರೆ ಬದಲಿ ಸಿಗದ ಕಾರು ಒಂದು ಮೂಲೆಯಲ್ಲಿ ನಿಲ್ಲುತ್ತದೆ. ನಿಂತ ಕಾರು ಒಂದೆರಡು ಮಳೆಗಾಲದಲ್ಲಿ ಗುಜರಿ ಆಗುತ್ತದೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡಾಡುತ್ತಿವೆ. ಕಾರಣ, ಮಾಲೀಕರು ಅವನ್ನು ಓಡಿಸುತ್ತಲೇ ಇದ್ದರು. ಓಡಿಸಿದ್ದರಿಂದ ಮೆಕ್ಯಾನಿಕ್‌ಗಳಿಗೆ ಕೆಲಸ ಉಳಿಯಿತು, ಕೆಲಸ ಇದ್ದುದರಿಂದ ಬಿಡಿಭಾಗ ಮಾಡುವವರು ಉಳಿದರು. ಕೊನೆಗೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳೇ ಮಾರುಕಟ್ಟೆಗೆ ಮರಳಿದವು. ಅಭಿಮಾನಿಗಳು ಇಲ್ಲದಿದ್ದರೆ ಆ ಹೆಸರಿಗೆ ಬೆಲೆ ಎಲ್ಲಿರುತ್ತಿತ್ತು?

ಕೂಪೆ ಕೊಳ್ಳುವ ಶಕ್ತಿ ಇಲ್ಲದ ನಮ್ಮಂಥವರ ಪಾಲಿಗೆ ಸ್ಪೋರ್ಟ್ಸ್ ಕಾರು ಎಂದರೆ ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ಬಂದ 98 ಸಿಸಿಯ ಈ ಟೂ-ಸ್ಟ್ರೋಕ್ ಬೈಕಿಗೆ ಈಗ ಲಕ್ಷ ರೂಪಾಯಿಗೂ ಮೇಲೆ ಹೇಳುವವರಿದ್ದಾರೆ. ಭಾನುವಾರ ಬೆಳಗಿನ ಜಾವ ಕೋಗಿಲು ಕ್ರಾಸ್‌ನಲ್ಲಿ ನಿಂತರೆ ಬಳ್ಳಾರಿ ರಸ್ತೆಯಲ್ಲಿ ನಂದಿಬೆಟ್ಟದ ಕಡೆ ಹೊರಟ ಗಾಡಿಗಳ ಮೆರವಣಿಗೆಯೇ ಕಾಣುತ್ತದೆ. ಅದರಲ್ಲಿ ಎರಡು ಬಗೆಯ ಹಳೇ ಗಾಡಿಗಳಿವೆ: ಇದ್ದ ಹಾಗೆ ಉಳಿಸಿಕೊಂಡವು, ಗುರುತೇ ಸಿಗದಂತೆ ಮಾಡಿಕೊಂಡವು. ಹೇಗೆ ಉಳಿಯುತ್ತವೆ, ಹೇಗೆ ಹಾಳಾಗುತ್ತವೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

<b>ಕತ್ತರಿಸುವವನು, ಬೀಗ ಹಾಕುವವನು</b>

ಹಳೇ ಸ್ಪೋರ್ಟ್ಸ್ ಗಾಡಿಗೆ ಇಬ್ಬರು ಶತ್ರುಗಳು. ಇಬ್ಬರೂ ತಮ್ಮನ್ನು ಅಭಿಮಾನಿಗಳೆಂದೇ ಕರೆದುಕೊಳ್ಳುತ್ತಾರೆ.

ಮೊದಲನೆಯವನು ಕತ್ತರಿಸುವವನು. ಸೈಲೆನ್ಸರ್ ಕೊಯ್ಯುತ್ತಾನೆ, ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುತ್ತಾನೆ, ಮೂಲ ಬಿಡಿಭಾಗವನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕುತ್ತಾನೆ. ಎಂಜಿನಿಯರಿಂಗ್ ಓದುವವರಾದರೂ ಇದನ್ನು ಯೋಚಿಸಬೇಕು. ಟೂ-ಸ್ಟ್ರೋಕ್ ಬೈಕಿನ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬಿ ಅಲ್ಲ. ಅದರೊಳಗೆ ತಿರುಗಿ ಬರುವ ಒತ್ತಡದ ಅಲೆ, ಹೊರಹೋಗುತ್ತಿರುವ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಸಿಲಿಂಡರ್‌ಗೆ ಮರಳಿ ತಳ್ಳುತ್ತದೆ. ಅದನ್ನು ಕೊಯ್ದರೆ ಸದ್ದು ಹೆಚ್ಚುತ್ತದೆ, ಶಕ್ತಿ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಕತೆಯೂ ಇಷ್ಟೇ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ, ಮೇಲೆ ಕೆಳಗೆ ಆಡಲು ಜಾಗ ಕಡಿಮೆಯಾಗುತ್ತದೆ. ನಮ್ಮ ರಸ್ತೆಗುಂಡಿಗಳಲ್ಲಿ ಅದರ ಪೆಟ್ಟು ನೇರ ಕಾರಿನ ಮೈಗೆ. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಎರಡನೆಯವನು ಬೀಗ ಹಾಕುವವನು. ‘ಮುಂದೆ ಚಿನ್ನದ ಬೆಲೆ ಬರುತ್ತೆ’ ಎಂದು ಕೊಂಡು, ಹೊದಿಕೆ ಹಾಕಿ, ನೆಲಮಾಳಿಗೆಯಲ್ಲಿ ನಿಲ್ಲಿಸುತ್ತಾನೆ. ಚಿನ್ನ ಬೀರುವಿನಲ್ಲಿ ಕೆಡುವುದಿಲ್ಲ, ಕಾರು ಕೆಡುತ್ತದೆ. ನಿಂತಲ್ಲೇ ನಿಂತರೆ ಟೈರ್ ಒಂದು ಕಡೆ ಚಪ್ಪಟೆಯಾಗುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಸೀಲುಗಳು ಒಣಗಿ ಬಿರಿಯುತ್ತವೆ, ವೈರುಗಳನ್ನು ಇಲಿ ಕಡಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಅದು ನೀರಿನಂಶ ಹೀರುತ್ತದೆ. ಹಳೇ ಟ್ಯಾಂಕ್, ಕಾರ್ಬ್ಯುರೇಟರ್, ರಬ್ಬರ್ ಪೈಪುಗಳನ್ನು ಅದಕ್ಕಾಗಿ ಮಾಡಿರಲಿಲ್ಲ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಒಳಗಿದ್ದರೆ ತುಕ್ಕು ಹಿಡಿಯುವುದಕ್ಕೆ ಆಹ್ವಾನ ಕೊಟ್ಟಂತೆ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೂ ಪ್ರಯೋಜನವಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದೇ ಸರಿಯಾದ ಮದ್ದು.

ಹಾಗಾದರೆ ಸರಿಯಾದ ಮಾಲೀಕ ಯಾರು? ಓಡಿಸುವವನು, ಬಿಚ್ಚಿದ ಮೂಲ ಬಿಡಿಭಾಗವನ್ನು ಎಸೆಯದೆ ಡಬ್ಬದಲ್ಲಿ ಹೆಸರು ಬರೆದಿಡುವವನು, ಪ್ರತಿ ಬಿಲ್ಲನ್ನೂ ಫೈಲ್ ಮಾಡುವವನು. ನಾಳೆ ಕೊಳ್ಳಲು ಬರುವವನು ಹೊಳಪು ನೋಡಿ ಮರುಳಾಗುವುದಿಲ್ಲ. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತವೆಯೇ, ಬಣ್ಣದ ಕೆಳಗೆ ತುಕ್ಕು ಇದೆಯೇ, ಇಷ್ಟು ವರ್ಷ ಯಾರು ಏನು ಮಾಡಿದ್ದಾರೆ ಎಂದು ನೋಡುತ್ತಾನೆ. ಹಳೇ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಅದರ ಇತಿಹಾಸದ್ದು.

<b>ಕಾನೂನಿನಲ್ಲೊಂದು ಕಂದಕ</b>

ಮಾಲೀಕರನ್ನಷ್ಟೇ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರ್ ಸಿಗುತ್ತದೆ. ಪ್ರದರ್ಶನ, ರ‍್ಯಾಲಿಗಳಿಗೆ ಓಡಿಸಬಹುದು, ದಿನಬಳಕೆಗೆ ಇಲ್ಲ. ಒಳ್ಳೆಯ ನಿಯಮ. ಆದರೆ 50 ವರ್ಷ ಮೂಲರೂಪದಲ್ಲಿರಬೇಕಾದರೆ ಅದು ಮೊದಲು 49 ವರ್ಷ ಬದುಕಬೇಕಲ್ಲ?

ಅಲ್ಲಿಯವರೆಗೆ ಏನಿದೆ? 15 ವರ್ಷವಾದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ತಪಾಸಣೆ, ಹಸಿರು ತೆರಿಗೆ. 2025ರ ಆಗಸ್ಟ್‌ನ ಆದೇಶದಂತೆ 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕ 2,000 ರೂಪಾಯಿ, ಕಾರಿಗೆ 10,000 ರೂಪಾಯಿ, ಆಮದಾದ ಕಾರಿಗೆ 80,000 ರೂಪಾಯಿ. ನಮ್ಮ ದೇಶದಲ್ಲಿ ಮಾರಾಟವಾದ ಕೂಪೆಗಳು ಬಹುತೇಕ ಆಮದಾದವೇ. ನಿಸಾನ್ 370ಝಡ್ ಇಲ್ಲಿಗೆ ಬಂದದ್ದು 2010ರಲ್ಲಿ. ಇನ್ನು ಕೆಲವೇ ವರ್ಷಗಳಲ್ಲಿ ಅಂಥ ಕಾರುಗಳ ಮೂರನೇ ಮಾಲೀಕನ ಮುಂದೆ ಈ ಬಿಲ್ಲು ಬಂದು ಕೂರುತ್ತದೆ. ಅವನು ಅದನ್ನು ಉಳಿಸಿಕೊಳ್ಳುತ್ತಾನೋ, ಬಿಡಿಭಾಗಗಳಾಗಿ ಬಿಚ್ಚಿ ಮಾರುತ್ತಾನೋ ನೀವೇ ಊಹಿಸಿ.

ಹಳೇ ವಾಹನ ಹೊಗೆ ಉಗುಳುತ್ತದೆ, ನಿಜ. ಹೊಸ ಬಿಎಸ್-6 ಎಂಜಿನ್ ಮುಂದೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ದಿನಾ ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತು ಹೊಗೆ ಬಿಡುವ ಹಕ್ಕು ಅದಕ್ಕೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ನಡುವಿನ ಮೆಟ್ಟಿಲು. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರಿಗೆ ‘ಎಚ್’ ಅಕ್ಷರದ ನಂಬರ್ ಪ್ಲೇಟ್ ಕೊಡುತ್ತಾರೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದರೆ ರಸ್ತೆ ತೆರಿಗೆ ಇಲ್ಲ. ಅಮೆರಿಕದಲ್ಲಿ 25 ವರ್ಷ ದಾಟಿದ ವಿದೇಶಿ ಕಾರನ್ನು ಸುರಕ್ಷತಾ ನಿಯಮಗಳ ವಿನಾಯಿತಿಯಲ್ಲಿ ತರಿಸಿಕೊಳ್ಳಬಹುದು. ನಮ್ಮಲ್ಲೂ 25 ಅಥವಾ 30 ವರ್ಷಕ್ಕೆ ‘ಕ್ಲಾಸಿಕ್’ ಎಂಬ ವರ್ಗ ಮಾಡಲಿ. ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂದು ಮಿತಿ ಹಾಕಲಿ. ಮೂಲರೂಪದಲ್ಲಿದ್ದರೆ ಶುಲ್ಕ ಇಳಿಸಲಿ, ಕತ್ತರಿಸಿದ್ದರೆ ವರ್ಗವೇ ಬೇಡ. ಆಗ ಗಾಡಿಯನ್ನು ಇದ್ದ ಹಾಗೆ ಉಳಿಸಿಕೊಂಡವನಿಗೆ ಲಾಭ, ಕೊಯ್ದವನಿಗೆ ನಷ್ಟ. ಈಗ ಇಬ್ಬರಿಗೂ ಒಂದೇ ಬಿಲ್ಲು.

<b>ನಮಗೇನು ಸಿಗುತ್ತದೆ?</b>

ಕೆಲಸ ಹುಡುಕುತ್ತಿರುವವರು ಇದನ್ನು ಶ್ರೀಮಂತರ ಹವ್ಯಾಸ ಎಂದು ಪುಟ ಮಗುಚಬೇಡಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಪೀಣ್ಯದ ಲೇತ್ ಶೆಡ್‌ಗಳು ಎಲ್ಲವೂ ಒಂದೇ ನಗರದಲ್ಲಿರುವುದು ಸಣ್ಣ ಅನುಕೂಲವಲ್ಲ. ಸಿಗದ ಬಿಡಿಭಾಗವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸಿ, 3ಡಿ ಪ್ರಿಂಟ್ ಅಚ್ಚಿನಿಂದ ಎರಕ ಹೊಯ್ಯುವ ವಿದ್ಯೆಯನ್ನು ನಾವು ಸೆಮಿಸ್ಟರ್ ಪ್ರಾಜೆಕ್ಟ್‌ಗೆಂದು ಕಲಿತು, ವೈವಾ ಮುಗಿದ ಕೂಡಲೇ ಮರೆಯುತ್ತೇವೆ. ಡಾಲ್ಫಿನ್ನಿನ ದೀಪದ ಚೌಕಟ್ಟು, ಸ್ಟಾರ್ಮ್‌ನ ಬಾಗಿಲ ಹಿಡಿ ಬೇಕೆಂದು ಅಲೆಯುವವನಿಗೆ ಅದೇ ವಿದ್ಯೆ ಬೇಕಿದೆ. 1990ರ ದಶಕದ ನಂತರದ ಕಾರುಗಳ ಎಂಜಿನ್ ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡುಗಳೂ ಮುಪ್ಪಾಗುತ್ತಿವೆ. ಅವನ್ನು ರಿಪೇರಿ ಮಾಡಲು ಎಲೆಕ್ಟ್ರಾನಿಕ್ಸ್ ಓದಿದವರು ಬೇಕು. ಈ ಕೆಲಸದ ಅರ್ಧ ಜ್ಞಾನ ಪುಸ್ತಕದಲ್ಲಿಲ್ಲ, ವಯಸ್ಸಾಗುತ್ತಿರುವ ಮೇಸ್ತ್ರಿಗಳ ಕೈಯಲ್ಲಿದೆ. ಅವರು ಅಂಗಡಿ ಮುಚ್ಚುವ ಮೊದಲು ಹೋಗಿ ಕಲಿಯಬೇಕು.

ಹಣ ಹೂಡುವ ಆಸೆ ಇರುವವರಿಗೆ ಒಂದು ಲೆಕ್ಕ. ಉದಾಹರಣೆಗೆ, ಆರು ಲಕ್ಷ ಕೊಟ್ಟು ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡಿರಿ ಎನ್ನೋಣ. ವಿಮೆ, ರಿಪೇರಿ, ಟೈರ್, ನಿಲ್ಲಿಸುವ ಜಾಗ ಸೇರಿ ವರ್ಷಕ್ಕೆ 50,000 ಖರ್ಚಾದರೆ ಹತ್ತು ವರ್ಷದಲ್ಲಿ ಐದು ಲಕ್ಷ. ಅಂದರೆ 11 ಲಕ್ಷಕ್ಕೆ ಮಾರಿದರೂ ಲಾಭ ಸೊನ್ನೆ. ಸಾಲ ಮಾಡಿ ಕೊಂಡಿದ್ದರೆ ಬಡ್ಡಿ ಬೇರೆ. ಯಾವ ಕಾರಿಗೆ ಬೆಲೆ ಬರುತ್ತದೆ ಎಂದು ಮೊದಲೇ ಹೇಳಬಲ್ಲವರೂ ಇಲ್ಲ. ಲಾಭಕ್ಕಾಗಿ ಕೊಳ್ಳುವವರು ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು. ಬೆಲೆ ಬಾರದಿದ್ದರೂ ಬೇಸರವಾಗದ ಗಾಡಿಯನ್ನು ಮಾತ್ರ, ಕೈಯಲ್ಲಿರುವ ದುಡ್ಡಿನಲ್ಲಿ ಕೊಳ್ಳಿ.

ಇಷ್ಟಕ್ಕೂ ಸಂಗ್ರಹಾಲಯದಲ್ಲಿ ಹಗ್ಗದ ಆಚೆ ನಿಂತು ನಾವು ಬೆರಗಿನಿಂದ ನೋಡುವ ಪ್ರತಿ ಕಾರೂ ಒಂದು ಕಾಲದಲ್ಲಿ ಯಾರದೋ ಮನೆ ಮುಂದಿನ ಬೇಡದ ಹಳೇ ಗಾಡಿಯಾಗಿತ್ತು. ಯಾರೋ ಒಬ್ಬರು ಅದನ್ನು ಕತ್ತರಿಸಲಿಲ್ಲ, ಗುಜರಿಗೆ ಹಾಕಲಿಲ್ಲ, ಮಳೆಯಲ್ಲಿ ನೆನೆಯಲು ಬಿಡಲಿಲ್ಲ. ಅವರ ಹೆಸರು ಫಲಕದಲ್ಲಿ ಇರುವುದಿಲ್ಲ. ಈ ತಲೆಮಾರಿನ ಕಾರುಗಳಿಗೆ ಆ ಕೆಲಸ ಮಾಡಬೇಕಾದ ಮೂರನೇ ಮಾಲೀಕರು ನಾವು. ಸ್ಪ್ಯಾನರ್ ನಮ್ಮ ಕೈಯಲ್ಲಿದೆ, ಗ್ರೈಂಡರ್ ಕೂಡ. ಯಾವುದನ್ನು ಮೊದಲು ಎತ್ತಿಕೊಳ್ಳುತ್ತೇವೆ ಎಂಬುದಷ್ಟೇ ಪ್ರಶ್ನೆ.

– ಬಿ.ಇ. ವಿದ್ಯಾರ್ಥಿ, ಕೋಗಿಲು, ಬೆಂಗಳೂರು